ನಾಯಿಯ ಬಿಪಿ ಗ್ರಾಫ್ ಓದುವುದು ಹೇಗೆ? ಅಡ್ರಿನಲಿನ್‌ನಿಂದ ಹಿಸ್ಟಮಿನ್‌ವರೆಗೆ

ನೀವು ಬಿ.ಫಾರ್ಮ ಓದುತ್ತಿರಿ, ಎಂಬಿಬಿಎಸ್ ಓದುತ್ತಿರಿ, ಪಶುವೈದ್ಯಕೀಯ ಓದುತ್ತಿರಿ, ಫಾರ್ಮಕಾಲಜಿ ಪ್ರಾಕ್ಟಿಕಲ್‌ನಲ್ಲಿ ನಾಯಿಯ ಬಿಪಿ ಗ್ರಾಫ್ ಎದುರಾಗದೆ ಇರುವುದಿಲ್ಲ. ಒಂದು ಏರಿಳಿಯುವ ಗೆರೆ, ಅದರ ಕೆಳಗೆ ಬಾಣದ ಗುರುತು, "ಕೊಟ್ಟ ಔಷಧ ಯಾವುದು? ಕಾರಣ ಬರೆಯಿರಿ" ಅನ್ನುವ ಪ್ರಶ್ನೆ. ಜಾಸ್ತಿ ಜನ ಗೆರೆಗಳ ಆಕಾರವನ್ನೇ ಉರು ಹೊಡೆದುಕೊಂಡು ಹೋಗುತ್ತಾರೆ. ಪರೀಕ್ಷಕರು ಗ್ರಾಫನ್ನು ಸ್ವಲ್ಪ ಹಿಗ್ಗಿಸಿಯೋ ಕುಗ್ಗಿಸಿಯೋ ಕೊಟ್ಟರೆ ಅಲ್ಲಿಗೆ ಕತೆ ಮುಗಿಯಿತು.

ಆಕಾರ ಉರು ಹೊಡೆಯುವ ಅಗತ್ಯವೇ ಇಲ್ಲ. ಒತ್ತಡದ ಗೆರೆಯನ್ನು ಒಂಟಿಯಾಗಿ ನೋಡಬೇಡಿ, ಅದರ ಜೊತೆ ಹೃದಯ ಬಡಿತ ಏನಾಯ್ತು ಅಂತ ನೋಡಿ. ಅರ್ಧ ಉತ್ತರ ಅಲ್ಲೇ ಇರುತ್ತದೆ. ಉಳಿದ ಅರ್ಧ ಬ್ಲಾಕರ್, ಅಂದರೆ ಆ ಔಷಧದ ದಾರಿ ಮುಚ್ಚುವ ಇನ್ನೊಂದು ಔಷಧ, ಕೊಟ್ಟ ಮೇಲೆ ಸಿಗುತ್ತದೆ.

ಈಗ ಕಾಲೇಜಿನಲ್ಲಿ ಇದಕ್ಕಾಗಿ ನಾಯಿಯನ್ನು ಟೇಬಲ್ ಮೇಲೆ ಮಲಗಿಸುವುದಿಲ್ಲ, ಕಂಪ್ಯೂಟರಿನಲ್ಲೇ ನಡೆಯುತ್ತದೆ. ಪುದುಚೇರಿಯ ಜಿಪ್ಮರ್‌ನಲ್ಲಿ ತಯಾರಾದ ಎಕ್ಸ್‌ಫಾರ್ಮ್ ತರಹದ ಸಾಫ್ಟ್‌ವೇರ್ ಬಂದ ಮೇಲೆ ಮೌಸ್ ಒತ್ತಿದರೆ ಸಾಕು, ಗೆರೆ ಬರುತ್ತದೆ. ಒಳ್ಳೆಯದೇ ಆಯಿತು ಅನ್ನುತ್ತೇನೆ. ಒಂದೇ ತೊಂದರೆ ಏನೆಂದರೆ, ಆ ಗೆರೆ ಎಲ್ಲಿಂದ ಬರುತ್ತಿತ್ತು ಅನ್ನುವುದು ಈಗಿನ ಹುಡುಗರಿಗೆ ಕಾಣುವುದಿಲ್ಲ. ಆದ್ದರಿಂದ ಮೊದಲು ಅದು.

ಮೊದಲು: ಗೆರೆ ಎಲ್ಲಿಂದ ಬಂತು ಅಂತ ತಿಳಿದುಕೊಳ್ಳಿ

ಅರಿವಳಿಕೆ ಕೊಟ್ಟ ನಾಯಿ. ಕುತ್ತಿಗೆಯ ಕೆರೋಟಿಡ್ ಧಮನಿಗೆ ಒಂದು ಕ್ಯಾನುಲಾ, ಅಂದರೆ ಸಣ್ಣ ಕೊಳವೆ, ಅದರಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ ಹೆಪಾರಿನ್. ಆ ಕ್ಯಾನುಲಾ ಹಿಂದಿನ ಕಾಲದಲ್ಲಿ ಪಾದರಸದ ಮಾನೋಮೀಟರಿಗೆ ಸೇರುತ್ತಿತ್ತು, ಈಗಿನ ಸಂಶೋಧನಾ ಲ್ಯಾಬ್‌ಗಳಲ್ಲಿ ಒತ್ತಡವನ್ನು ವಿದ್ಯುತ್ ಸಂಕೇತವಾಗಿಸುವ ಟ್ರಾನ್ಸ್‌ಡ್ಯೂಸರಿಗೆ ಸೇರುತ್ತದೆ. ಔಷಧ ಹೋಗುವುದು ತೊಡೆಯ ಫೀಮೋರಲ್ ರಕ್ತನಾಳದ ಮೂಲಕ, ಅಂದರೆ ಸಿರೆಗೆ ನೇರವಾಗಿ. ಉಸಿರಾಟಕ್ಕೆ ಶ್ವಾಸನಾಳದಲ್ಲಿ ಇನ್ನೊಂದು ಕೊಳವೆ.

ಈ ಕೆಲಸ ಶುರುವಾಗಿದ್ದು ಕುದುರೆಯಿಂದ. ಇಂಗ್ಲೆಂಡಿನ ಪಾದ್ರಿ ಸ್ಟೀಫನ್ ಹೇಲ್ಸ್ ಒಂದು ಹೆಣ್ಣು ಕುದುರೆಯ ತೊಡೆಯ ಧಮನಿಗೆ ಹಿತ್ತಾಳೆ ಕೊಳವೆ ಸಿಕ್ಕಿಸಿ, ಅದಕ್ಕೆ ಉದ್ದನೆಯ ಗಾಜಿನ ನಳಿಗೆ ಜೋಡಿಸಿದ. ರಕ್ತ 8 ಅಡಿ 3 ಇಂಚು ಮೇಲೇರಿ ನಿಂತಿತು. 1733ರಲ್ಲಿ ಪ್ರಕಟಿಸಿದ. ಪಾದರಸದ ಲೆಕ್ಕಕ್ಕೆ ತಂದರೆ ಅದು 190 ಮಿ.ಮೀ. ದಾಟುತ್ತದೆ. ಎಚ್ಚರವಿರುವ ಕುದುರೆಯನ್ನು ಕಟ್ಟಿ ಮಲಗಿಸಿದರೆ ಅದರ ಮೈಯಲ್ಲಿ ಅಡ್ರಿನಲಿನ್ ಎಷ್ಟು ಹರಿದಿರಬಹುದು, ಲೆಕ್ಕ ಹಾಕಿ! ಗೆರೆಯನ್ನು ಕಾಗದದ ಮೇಲೆ ಬರೆಸುವ ಕೈಮೋಗ್ರಾಫ್ ಬಂದದ್ದು ಆಮೇಲೆ, 1840ರ ದಶಕದಲ್ಲಿ, ಜರ್ಮನಿಯ ಕಾರ್ಲ್ ಲುಡ್ವಿಗ್ ಕೈಯಿಂದ.

ನಿಮಗೆ ಎಂದಾದರೂ ಸಂಶೋಧನೆಗೆ ಇಲಿಯಲ್ಲಿ ನಿಜವಾಗಿಯೇ ಒತ್ತಡ ಅಳೆಯುವ ಕೆಲಸ ಬಂದರೆ ಎರಡು ಮಾತು ನೆನಪಿರಲಿ. ಟ್ರಾನ್ಸ್‌ಡ್ಯೂಸರ್ ಹೃದಯದ ಮಟ್ಟದಲ್ಲೇ ಇರಬೇಕು, 10 ಸೆಂ.ಮೀ. ಮೇಲೆ ಕೆಳಗೆ ಆದರೆ ಸುಮಾರು 7 ಮಿ.ಮೀ. ತಪ್ಪು ಲೆಕ್ಕ ಬರುತ್ತದೆ. ಇನ್ನೊಂದು, ಪ್ರತಿ ಬಡಿತದ ಏರಿಳಿತ ಇದ್ದಕ್ಕಿದ್ದ ಹಾಗೆ ಕುಗ್ಗಿ ಗೆರೆ ಮಂಕಾದರೆ ಔಷಧದ ಮೇಲೆ ಹಾಕಬೇಡಿ. ಕೊಳವೆಯಲ್ಲಿ ಗಾಳಿಗುಳ್ಳೆಯೋ ಹೆಪ್ಪೋ ಇದೆಯಾ ಅಂತ ಮೊದಲು ನೋಡಿ.

ಎರಡನೆಯದು: ಬಾಣಕ್ಕಿಂತ ಹಿಂದಿನ ಗೆರೆ ಓದಿ

ಎಲ್ಲರ ಕಣ್ಣೂ ನೇರ ಬಾಣದ ಗುರುತಿಗೆ ಹೋಗುತ್ತದೆ. ನೀವು ಅದರ ಹಿಂದಕ್ಕೆ ಹೋಗಿ. ಔಷಧ ಕೊಡುವ ಮುಂಚೆ ಸಿಸ್ಟಾಲಿಕ್ (ಹೃದಯ ಹಿಂಡಿದಾಗಿನ ಒತ್ತಡ) ಎಷ್ಟು, ಡಯಾಸ್ಟಾಲಿಕ್ (ಹೃದಯ ಸಡಿಲವಾದಾಗಿನ ಒತ್ತಡ) ಎಷ್ಟು, ಬಡಿತ ಎಷ್ಟು, ಬರೆದುಕೊಳ್ಳಿ. ಸರಾಸರಿ ಒತ್ತಡಕ್ಕೆ ಸುಲಭ ಲೆಕ್ಕ: ಎರಡರ ವ್ಯತ್ಯಾಸದ ಮೂರನೇ ಒಂದು ಭಾಗವನ್ನು ಡಯಾಸ್ಟಾಲಿಕ್‌ಗೆ ಸೇರಿಸಿ. 150/90 ಇದ್ದರೆ ವ್ಯತ್ಯಾಸ 60, ಅದರ ಮೂರನೇ ಒಂದು 20, ಸರಾಸರಿ 110.

ಈ ಸರಾಸರಿ ಒತ್ತಡ ಎರಡೇ ಕಡೆಯಿಂದ ಬದಲಾಗಲು ಸಾಧ್ಯ. ಒಂದು, ಹೃದಯ ನಿಮಿಷಕ್ಕೆ ಎಷ್ಟು ರಕ್ತ ತಳ್ಳುತ್ತದೆ. ಇನ್ನೊಂದು, ಸಣ್ಣ ಧಮನಿಗಳು ಎಷ್ಟು ಬಿಗಿಯಾಗಿವೆ. ಹಾರ್ಮೋನ್ ಯಾವುದೇ ಇರಲಿ, ನರದ ತುದಿಯಿಂದ ಬರುವ ರಾಸಾಯನಿಕ ಯಾವುದೇ ಇರಲಿ, ಕೊನೆಗೆ ಕೈ ಹಾಕುವುದು ಈ ಎರಡರಲ್ಲಿ ಒಂದಕ್ಕೆ, ಇಲ್ಲ ಎರಡಕ್ಕೂ.

ಹಾಗಿದ್ದರೆ ಇಷ್ಟೊಂದು ಗೊಂದಲ ಯಾಕೆ ಅಂದರೆ, ಮಧ್ಯೆ ಮೂರನೆಯವನೊಬ್ಬ ಇದ್ದಾನೆ. ಕೆರೋಟಿಡ್ ಸೈನಸ್‌ನಲ್ಲಿ, ಮಹಾಧಮನಿಯ ಕಮಾನಿನಲ್ಲಿ ಕೂತಿರುವ ಬ್ಯಾರೋರಿಸೆಪ್ಟರ್‌ಗಳು, ಅಂದರೆ ಒತ್ತಡ ಗುರುತಿಸುವ ನರದ ತುದಿಗಳು. ಒತ್ತಡ ಏರಿತು ಅಂದ ತಕ್ಷಣ ಇವು ಮೆದುಳಿನ ಬುಡಕ್ಕೆ, ಅಂದರೆ ಮೆಡುಲ್ಲಾಕ್ಕೆ, ಸುದ್ದಿ ಕಳಿಸುತ್ತವೆ. ಅಲ್ಲಿಂದ ವೇಗಸ್ ನರದ ಮೂಲಕ ಹೃದಯಕ್ಕೆ "ನಿಧಾನ" ಅಂತ ಆದೇಶ ಬರುತ್ತದೆ. ಒತ್ತಡ ಬಿದ್ದರೆ ಇದರ ಉಲ್ಟಾ. ಎರಡೂ ಕೆರೋಟಿಡ್ ಧಮನಿಗಳನ್ನು ಸೈನಸ್‌ಗಿಂತ ಕೆಳಗೆ ಒತ್ತಿ ಹಿಡಿದರೆ ಬ್ಯಾರೋರಿಸೆಪ್ಟರ್‌ಗಳಿಗೆ ಒತ್ತಡ ಬಿದ್ದ ಹಾಗೆ ಕಾಣುತ್ತದೆ, ಪಾಪ, ಮೈಯ ಒತ್ತಡವನ್ನೂ ಬಡಿತವನ್ನೂ ಸುಮ್ನೆ ಏರಿಸಿಬಿಡುತ್ತವೆ. ಗ್ರಾಫಿನಲ್ಲಿ ಔಷಧದ ಹೆಸರಿಲ್ಲದೆ ಬರೀ ಏರಿಕೆ ಕಂಡರೆ ಈ ಪ್ರಯೋಗವೂ ಇರಬಹುದು ಅಂತ ತಲೆಯಲ್ಲಿರಲಿ.

ಮೂರನೆಯದು: ಒತ್ತಡ ಮತ್ತು ಬಡಿತ ಒಂದೇ ಕಡೆ ಹೋದವಾ, ಬೇರೆ ಬೇರೆ ಕಡೆಗಾ?

ಇಡೀ ಲೇಖನದಲ್ಲಿ ಒಂದೇ ಭಾಗ ಓದಲು ಪುರುಸೊತ್ತಿದ್ದರೆ ಇದನ್ನು ಓದಿ.

ಒತ್ತಡ ಏರಿ, ಬಡಿತ ಇಳಿದರೆ: ಔಷಧ ಕೆಲಸ ಮಾಡಿದ್ದು ಮುಖ್ಯವಾಗಿ ರಕ್ತನಾಳದ ಮೇಲೆ, ಬಡಿತ ಇಳಿದದ್ದು ರಿಫ್ಲೆಕ್ಸ್, ಅಂದರೆ ಮೇಲೆ ಹೇಳಿದ ಬ್ಯಾರೋರಿಸೆಪ್ಟರ್‌ಗಳ ಕೆಲಸ. ನಾರ್‌ಅಡ್ರಿನಲಿನ್ ಹೀಗೆ. ಅದು ಆಲ್ಫಾ-1 ಮೂಲಕ (ಆಲ್ಫಾ, ಬೀಟಾ ಅಂದರೆ ಜೀವಕೋಶದ ಮೇಲೆ ಇಂಥ ಔಷಧಗಳು ಹಿಡಿಯುವ ರಿಸೆಪ್ಟರ್‌ಗಳ ಬಗೆಗಳು) ಸಣ್ಣ ಧಮನಿಗಳನ್ನು ಬಿಗಿ ಮಾಡುತ್ತದೆ, ಸಿಸ್ಟಾಲಿಕ್ ಡಯಾಸ್ಟಾಲಿಕ್ ಎರಡೂ ಏರುತ್ತವೆ. ಹೃದಯದ ಬೀಟಾ-1 ಮೇಲೆ ಅದಕ್ಕೆ ಹಿಡಿತ ಇಲ್ಲ ಅಂತಲ್ಲ, ಖಂಡಿತ ಇದೆ. ಆದರೆ ವೇಗಸ್ ಅದನ್ನು ಮೀರಿಸುತ್ತದೆ. ಫಿನೈಲೆಫ್ರಿನ್ ಕೂಡ ಇದೇ ಚಿತ್ರ ಕೊಡುತ್ತದೆ, ಬೀಟಾ ಕೆಲಸ ಇಲ್ಲದೆಯೇ.

ಒತ್ತಡ ಇಳಿದು, ಬಡಿತ ಏರಿದರೆ: ಐಸೊಪ್ರಿನಲಿನ್ ಅಥವಾ ಹಿಸ್ಟಮಿನ್ ಕಡೆ ಯೋಚಿಸಿ. ಐಸೊಪ್ರಿನಲಿನ್‌ಗೆ ಆಲ್ಫಾ ಕಡೆ ನಂಟಿಲ್ಲ. ಬೀಟಾ-2 ಮೂಲಕ ಸ್ನಾಯುಗಳ ರಕ್ತನಾಳ ಹಿಗ್ಗುತ್ತದೆ, ಬೀಟಾ-1 ಮೂಲಕ ಹೃದಯ ಓಡುತ್ತದೆ. ಅದಕ್ಕೇ ಡಯಾಸ್ಟಾಲಿಕ್ ಜೋರಾಗಿ ಬೀಳುತ್ತದೆ, ಸಿಸ್ಟಾಲಿಕ್ ಅಷ್ಟಾಗಿ ಬೀಳುವುದಿಲ್ಲ. 120/80 ಇದ್ದದ್ದು 125/50 ಆಯಿತು ಅಂತ ಇಟ್ಟುಕೊಳ್ಳಿ. ಸಿಸ್ಟಾಲಿಕ್ ನೋಡಿದವರು "ಒತ್ತಡ ಏರಿದೆ" ಅಂತ ಬರೆಯುತ್ತಾರೆ. ಲೆಕ್ಕ ಹಾಕಿದರೆ ಸರಾಸರಿ 93ರಿಂದ 75ಕ್ಕೆ ಇಳಿದಿದೆ! ಮಾರ್ಕ್ಸ್ ಹೋಗುವುದು ಇಂಥ ಕಡೆಯೇ.

ಒತ್ತಡವೂ ಇಳಿದು, ಬಡಿತವೂ ಇಳಿದರೆ: ಅಸಿಟೈಲ್‌ಕೋಲಿನ್, ಅಥವಾ ಯಾರೋ ವೇಗಸ್ ನರದ ಹೃದಯದ ಕಡೆಯ ತುದಿಯನ್ನು ವಿದ್ಯುತ್ತಿನಿಂದ ಕೆಣಕಿದ್ದಾರೆ. ಎರಡೂ ಒಂದೇ ಮನೆಯವು. 1921ರಲ್ಲಿ ಆಟೋ ಲೋವಿ ಒಂದು ಕಪ್ಪೆಯ ಹೃದಯದ ವೇಗಸ್ ಕೆಣಕಿ, ಅದರ ಸುತ್ತಲಿನ ದ್ರವವನ್ನು ಇನ್ನೊಂದು ಕಪ್ಪೆಯ ಹೃದಯಕ್ಕೆ ಹಾಕಿದಾಗ ಅದೂ ನಿಧಾನವಾಯಿತು. ನರ ಮಾತಾಡುವುದು ರಾಸಾಯನಿಕದ ಮೂಲಕ ಅಂತ ಗೊತ್ತಾಗಿದ್ದು ಹಾಗೆ. ಆ ರಾಸಾಯನಿಕವೇ ಅಸಿಟೈಲ್‌ಕೋಲಿನ್. ಒಂದು ಎಚ್ಚರಿಕೆ: ಡೋಸ್ ತೀರಾ ಸಣ್ಣದಾದರೆ ಒತ್ತಡ ಮಾತ್ರ ಬಿದ್ದು, ಬಡಿತ ರಿಫ್ಲೆಕ್ಸ್‌ನಿಂದ ಸ್ವಲ್ಪ ಏರಲೂಬಹುದು.

ಎರಡೂ ಏರಿದರೆ: ಅಡ್ರಿನಲಿನ್ ಇರಬಹುದು, ಎಫಿಡ್ರಿನ್ ಇರಬಹುದು. ಅಡ್ರಿನಲಿನ್ ದೊಡ್ಡ ಡೋಸ್‌ನಲ್ಲಿ ಒತ್ತಡ ತುದಿ ಮುಟ್ಟಿದಾಗ ಬಡಿತ ಕೊಂಚ ಹೊತ್ತು ಇಳಿಯುತ್ತದೆ, ಅಲ್ಲೂ ವೇಗಸ್‌ನದೇ ಕೈವಾಡ.

ನಾಲ್ಕನೆಯದು: ಬಾಲ ಇದೆಯಾ? ಎಷ್ಟು ಹೊತ್ತು ಉಳಿಯಿತು?

ಅಡ್ರಿನಲಿನ್ ಗೆರೆಗೆ ಒಂದು ಗುರುತು ಇದೆ. ಜಿಗಿದು ಏರುತ್ತದೆ, ಇಳಿಯುತ್ತದೆ, ಇಳಿದು ಮೊದಲಿನ ಮಟ್ಟದಲ್ಲಿ ನಿಲ್ಲದೆ ಅದಕ್ಕಿಂತ ಸ್ವಲ್ಪ ಕೆಳಗೆ ಹೋಗಿ ಆಮೇಲೆ ಮೇಲೆ ಬರುತ್ತದೆ. ಆ ಕೆಳಗಿನ ತಗ್ಗೇ ಬಾಲ. ಯಾಕೆ ಹೀಗೆ? ಸಿರೆಗೆ ಒಮ್ಮೆಲೇ ಕೊಟ್ಟಾಗ ರಕ್ತದಲ್ಲಿ ಅಡ್ರಿನಲಿನ್ ಜಾಸ್ತಿ, ಆಗ ಆಲ್ಫಾ-1 ಮತ್ತು ಬೀಟಾ-1 ಮೇಲುಗೈ. ಅದು ಕಡಿಮೆಯಾಗುತ್ತಾ ಹೋದ ಹಾಗೆ ಆಲ್ಫಾ ಕೆಲಸ ಬೇಗ ಕಳಚಿಕೊಳ್ಳುತ್ತದೆ, ಆದರೆ ಬೀಟಾ-2ಗೆ ಸ್ವಲ್ಪ ಇದ್ದರೂ ಸಾಕು, ಅದು ಇನ್ನೂ ರಕ್ತನಾಳ ಹಿಗ್ಗಿಸುತ್ತಲೇ ಇರುತ್ತದೆ. ನಾರ್‌ಅಡ್ರಿನಲಿನ್‌ಗೆ ಬೀಟಾ-2 ಮೇಲೆ ಹಿಡಿತ ತೀರಾ ಕಮ್ಮಿ, ಆದ್ದರಿಂದ ಬಾಲವಿಲ್ಲ. ಇಷ್ಟು ಬರೆದರೆ ಪರೀಕ್ಷಕರು ಮುಂದಿನ ಪ್ರಶ್ನೆಗೆ ಹೋಗುತ್ತಾರೆ.

ಹೊತ್ತಿನ ವಿಷಯ. ಅಸಿಟೈಲ್‌ಕೋಲಿನ್ ಗೆರೆ ದಬಕ್ಕನೆ ಬಿದ್ದು ಬೇಗ ಎದ್ದು ಬರುತ್ತದೆ, ಕೋಲಿನೆಸ್ಟರೇಸ್ ಅದನ್ನು ರಕ್ತದಲ್ಲೇ ಒಡೆದು ಹಾಕುವುದರಿಂದ. ಹಿಸ್ಟಮಿನ್ ಬಿದ್ದರೆ ಏಳಲು ಅದಕ್ಕಿಂತ ಜಾಸ್ತಿ ಹೊತ್ತು. ಎಫಿಡ್ರಿನ್ ನಿಧಾನಕ್ಕೆ ಏರಿ ಬಹಳ ಹೊತ್ತು ಮೇಲೆಯೇ ಇರುತ್ತದೆ. ಅದನ್ನೇ ಮತ್ತೆ ಮತ್ತೆ ಕೊಟ್ಟರೆ ಪ್ರತಿ ಸಲ ಏರಿಕೆ ಕುಗ್ಗುತ್ತದೆ, ಯಾಕೆಂದರೆ ಅದು ನರದ ತುದಿಯಲ್ಲಿ ಕೂಡಿಟ್ಟ ನಾರ್‌ಅಡ್ರಿನಲಿನ್ ಹೊರಗೆ ಹಾಕಿಸಿ ಕೆಲಸ ಮಾಡುವಂಥದ್ದು, ಕಣಜ ಖಾಲಿಯಾದ ಮೇಲೆ ಏನು ತೆಗೆಯುವುದು?

ನಮ್ಮ ಸರ್ಪಗಂಧಿಯ ಕತೆಯೂ ಇಲ್ಲೇ ಸೇರುತ್ತದೆ. ಅದರ ಬೇರಿನಿಂದ 1952ರಲ್ಲಿ ಬೇರ್ಪಡಿಸಿದ ರೆಸರ್ಪಿನ್, ನಾರ್‌ಅಡ್ರಿನಲಿನ್ ಆ ಕಣಜದೊಳಗೆ ಸೇರದ ಹಾಗೆ ಬಾಗಿಲು ಹಾಕುತ್ತದೆ. ಮುಂಬೈನ ವೈದ್ಯ ರುಸ್ತಂ ಜಾಲ್ ವಕೀಲ್ 1949ರಲ್ಲೇ ಸರ್ಪಗಂಧಿಯಿಂದ ರಕ್ತದೊತ್ತಡ ಇಳಿಯುವುದನ್ನು ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಬರೆದಿದ್ದರು. ಪ್ರಶ್ನೆಯಲ್ಲಿ "ರೆಸರ್ಪಿನ್ ಮೊದಲೇ ಕೊಟ್ಟ ಪ್ರಾಣಿ" ಅಂತ ಇದ್ದರೆ, ಕಣಜದ ನಾರ್‌ಅಡ್ರಿನಲಿನ್ ಹೊರಗೆ ಹಾಕಿಸಿಯೇ ಕೆಲಸ ಮಾಡುವ ಟೈರಮಿನ್ ಏನೂ ಕೆಲಸ ಮಾಡುವುದಿಲ್ಲ, ಹೊರಗಿನಿಂದ ಕೊಟ್ಟ ನಾರ್‌ಅಡ್ರಿನಲಿನ್ ಮಾತ್ರ ಚೆನ್ನಾಗಿಯೇ ಕೆಲಸ ಮಾಡುತ್ತದೆ.

ಐದನೆಯದು: ಬ್ಲಾಕರ್ ಕೊಟ್ಟು ಮತ್ತೆ ಅದೇ ಔಷಧ ಕೊಡಿ

ಫೆಂಟೊಲಮಿನ್ ತರಹದ ಆಲ್ಫಾ ಬ್ಲಾಕರ್ ಕೊಟ್ಟು, ಆಮೇಲೆ ಅಡ್ರಿನಲಿನ್ ಕೊಟ್ಟರೆ ಏರಬೇಕಾದ ಗೆರೆ ಇಳಿಯುತ್ತದೆ. ಆಲ್ಫಾ ಬಾಗಿಲು ಮುಚ್ಚಿದೆ, ರಕ್ತನಾಳದಲ್ಲಿ ಉಳಿದದ್ದು ಬೀಟಾ-2 ಮಾತ್ರ. ಹೆನ್ರಿ ಡೇಲ್ 1906ರಲ್ಲಿ ಎರ್ಗಾಟ್ ಅನ್ನುವ ಶಿಲೀಂಧ್ರದ ಸಾರ ಕೊಟ್ಟು ಇದನ್ನೇ ಕಂಡದ್ದು, ಇವತ್ತಿಗೂ ಇದಕ್ಕೆ ಡೇಲ್‌ನ ಹೆಸರೇ. ಆಲ್ಫಾ ಬೀಟಾ ಅನ್ನುವ ವಿಂಗಡಣೆಯನ್ನು ರೇಮಂಡ್ ಆಲ್‌ಕ್ವಿಸ್ಟ್ ಹೇಳಿದ್ದು 1948ರಲ್ಲಿ. ಅಂದರೆ ಕಂಡದ್ದಕ್ಕೂ ಕಾರಣ ಸಿಕ್ಕಿದ್ದಕ್ಕೂ ನಡುವೆ 42 ವರ್ಷ. ನಿಮಗೆ ವೈವಾದಲ್ಲಿ ಸಿಗುವುದು ಎರಡು ನಿಮಿಷ, ಇರಲಿ.

ಅದೇ ಆಲ್ಫಾ ಬ್ಲಾಕರ್ ನಂತರ ನಾರ್‌ಅಡ್ರಿನಲಿನ್ ಕೊಟ್ಟರೆ ಏರಿಕೆ ತಗ್ಗುತ್ತದೆ, ಆದರೆ ಉಲ್ಟಾ ಆಗುವುದಿಲ್ಲ. ಐಸೊಪ್ರಿನಲಿನ್‌ಗೆ ಏನೂ ವ್ಯತ್ಯಾಸವಿಲ್ಲ.

ಬೀಟಾ ಬ್ಲಾಕರ್ ಆದ ಪ್ರೊಪ್ರನೊಲಾಲ್ ಕೊಟ್ಟರೆ ಐಸೊಪ್ರಿನಲಿನ್ ಗೆರೆ ನೆಟ್ಟಗಾಗುತ್ತದೆ. ಅಡ್ರಿನಲಿನ್ ಏರಿಕೆ ಜಾಸ್ತಿಯಾಗಿ ಬಾಲ ಮಾಯವಾಗುತ್ತದೆ.

ಇನ್ನು ಅಟ್ರೋಪಿನ್. ಅಸಿಟೈಲ್‌ಕೋಲಿನ್ ರಕ್ತನಾಳ ಹಿಗ್ಗಿಸುವುದು ನಾಳದ ಒಳಪದರದ ಮಸ್ಕರಿನಿಕ್ ರಿಸೆಪ್ಟರ್ (ಅದರ ಎರಡು ಬಗೆಯ ರಿಸೆಪ್ಟರ್‌ಗಳಲ್ಲಿ ಒಂದು) ಹಿಡಿದು. ಆ ಒಳಪದರ, ಅಂದರೆ ಎಂಡೋಥೀಲಿಯಂ, ಇಲ್ಲದಿದ್ದರೆ ಅಸಿಟೈಲ್‌ಕೋಲಿನ್‌ಗೆ ನಾಳ ಸಡಿಲವಾಗುವುದೇ ಇಲ್ಲ ಅಂತ 1980ರಲ್ಲಿ ಫರ್ಚ್‌ಗಾಟ್ ಮತ್ತು ಜವಾಡ್‌ಸ್ಕಿ ಮೊಲದ ಮಹಾಧಮನಿಯಲ್ಲಿ ತೋರಿಸಿದರು. ಮಧ್ಯವರ್ತಿ ನೈಟ್ರಿಕ್ ಆಕ್ಸೈಡ್ ಅಂತ ಆಮೇಲೆ ತಿಳಿಯಿತು. ಅಟ್ರೋಪಿನ್ ಈ ಮಸ್ಕರಿನಿಕ್ ದಾರಿ ಮುಚ್ಚುತ್ತದೆ, ಒತ್ತಡ ಬೀಳುವುದು ನಿಲ್ಲುತ್ತದೆ. ಈಗ ಅಸಿಟೈಲ್‌ಕೋಲಿನನ್ನೇ ದೊಡ್ಡ ಡೋಸ್‌ನಲ್ಲಿ ಕೊಡಿ. ಒತ್ತಡ ಏರುತ್ತದೆ! ಅದು ಇನ್ನೊಂದು ಬಗೆಯಾದ ನಿಕೊಟಿನಿಕ್ ರಿಸೆಪ್ಟರ್ ಹಿಡಿದು ಸಿಂಪಥೆಟಿಕ್ ಗ್ಯಾಂಗ್ಲಿಯಾ (ಒತ್ತಡ ಏರಿಸುವ ನರಗಳ ಗಂಟುಗಳು) ಮತ್ತು ಅಡ್ರಿನಲ್ ಮೆಡುಲ್ಲಾ ಎರಡನ್ನೂ ಎಬ್ಬಿಸಿದ್ದರಿಂದ. ಆ ನಿಕೊಟಿನಿಕ್ ದಾರಿ ಮುಚ್ಚುವ ಹೆಕ್ಸಮೆಥೋನಿಯಂ ಕೊಟ್ಟರೆ ಈ ಏರಿಕೆಯೂ ಇಲ್ಲ. ವೈವಾದಲ್ಲಿ ಇದು ಬರದೆ ಇದ್ದರೆ ಆಶ್ಚರ್ಯ.

ಹಿಸ್ಟಮಿನ್‌ಗೆ ಅಟ್ರೋಪಿನ್ ಲೆಕ್ಕಕ್ಕಿಲ್ಲ. ಫೆನಿರಮಿನ್ ತರಹದ ಎಚ್-1 ಬ್ಲಾಕರ್ ಕೊಟ್ಟರೆ ಇಳಿತ ಕಡಿಮೆಯಾಗುತ್ತದೆ, ಪೂರ್ತಿ ಹೋಗಬೇಕಾದರೆ ಎಚ್-2 ಬ್ಲಾಕರ್ ಕೂಡ ಜೊತೆಗೆ ಬೇಕು.

ಒಂದು ಗ್ರಾಫ್ ಬಿಡಿಸಿ ನೋಡೋಣ

ಅಂಕಿಗಳು ಬರೀ ಉದಾಹರಣೆಗೆ. ಔಷಧ ಎಕ್ಸ್ ಕೊಟ್ಟರು. ಸರಾಸರಿ ಒತ್ತಡ 110ರಿಂದ 160ಕ್ಕೆ ಏರಿತು, ಬಡಿತ 150ರಿಂದ 110ಕ್ಕೆ ಇಳಿಯಿತು, ಬಾಲವಿಲ್ಲ.

ಬೇರೆ ಬೇರೆ ಕಡೆ ಹೋಗಿವೆ, ಆದ್ದರಿಂದ ಔಷಧ ರಕ್ತನಾಳ ಬಿಗಿ ಮಾಡುವಂಥದ್ದು. ಬಾಲವಿಲ್ಲ, ಅಡ್ರಿನಲಿನ್ ಬೇಡ. ಉಳಿದದ್ದು ನಾರ್‌ಅಡ್ರಿನಲಿನ್, ಫಿನೈಲೆಫ್ರಿನ್, ಆಂಜಿಯೊಟೆನ್ಸಿನ್-2. ಗೆರೆಯಷ್ಟೇ ನೋಡಿ ಇವನ್ನು ಬೇರ್ಪಡಿಸಲು ಹೋಗಬೇಡಿ, ಆಗುವ ಕೆಲಸವಲ್ಲ.

ಅಟ್ರೋಪಿನ್ ಕೊಟ್ಟು ಮತ್ತೆ ಎಕ್ಸ್ ಕೊಟ್ಟರು. ಒತ್ತಡ ಮೊದಲಿಗಿಂತ ಇನ್ನೂ ಮೇಲೆ ಹೋಯಿತು, ಈ ಸಲ ಬಡಿತ ಇಳಿಯಲಿಲ್ಲ, ಬದಲಿಗೆ ಏರಿತು. ವೇಗಸ್ ದಾರಿ ಬಂದ್ ಆದ ಮೇಲೆ ಅಡಗಿದ್ದ ಬೀಟಾ-1 ಕೆಲಸ ಹೊರಗೆ ಬಂತು ಅಂತ ಅರ್ಥ. ಫಿನೈಲೆಫ್ರಿನ್‌ಗೆ ಬೀಟಾ ಕೆಲಸ ಇಲ್ಲ, ಅದಾಗಿದ್ದರೆ ಬಡಿತ ಇದ್ದಲ್ಲೇ ಇರುತ್ತಿತ್ತು. ಕೊನೆಗೆ ಫೆಂಟೊಲಮಿನ್ ಕೊಟ್ಟಾಗ ಏರಿಕೆ ತುಂಬಾ ಕುಗ್ಗಿತು. ಆಂಜಿಯೊಟೆನ್ಸಿನ್ ಆಗಿದ್ದರೆ ಅದಕ್ಕೆ ತನ್ನದೇ ರಿಸೆಪ್ಟರ್ ಇರುವುದರಿಂದ ಆಲ್ಫಾ ಬ್ಲಾಕರಿಗೆ ಹೀಗೆ ಬಗ್ಗುತ್ತಿರಲಿಲ್ಲ. ಹಾಗಾದರೆ ಎಕ್ಸ್ ನಾರ್‌ಅಡ್ರಿನಲಿನ್. ಉತ್ತರ ಬರೆಯುವಾಗ ಇದೇ ಸಾಲಿನಲ್ಲಿ ಬರೆಯಿರಿ, ಹೆಸರು ಕೊನೆಗೆ ಬರಲಿ.

ಗ್ರಾಫಿನಲ್ಲಿ ಕಾಣದವು

ಪ್ರಾಕ್ಟಿಕಲ್ ಗೆರೆಗಳೆಲ್ಲ ನಿಮಿಷಗಳ ಆಟ. ಗಂಟೆ, ದಿನಗಳ ಲೆಕ್ಕದಲ್ಲಿ ಒತ್ತಡ ನಡೆಸುವ ಹಾರ್ಮೋನುಗಳು ಬೇರೆ. ಮೊಲದ ಮೂತ್ರಪಿಂಡದ ರಸ ಒತ್ತಡ ಏರಿಸುತ್ತದೆ ಅಂತ 1898ರಲ್ಲಿ ಟೈಗರ್‌ಸ್ಟೆಟ್ ಮತ್ತು ಬರ್ಗ್‌ಮನ್ ಕಂಡರು, ರೆನಿನ್ ಅಂತ ಹೆಸರಿಟ್ಟರು. 1934ರಲ್ಲಿ ಹ್ಯಾರಿ ಗೋಲ್ಡ್‌ಬ್ಲಾಟ್ ನಾಯಿಯ ಮೂತ್ರಪಿಂಡದ ಧಮನಿಗೆ ಕ್ಲಿಪ್ ಹಾಕಿ ಬಿಗಿ ಮಾಡಿದಾಗ ಒತ್ತಡ ಏರಿ, ಏರಿದಲ್ಲೇ ಉಳಿಯಿತು. ರೆನಿನ್‌ನಿಂದ ಆಂಜಿಯೊಟೆನ್ಸಿನ್, ಅದರಿಂದ ಅಲ್ಡೊಸ್ಟಿರೋನ್, ಅದರಿಂದ ಮೈಯಲ್ಲಿ ಉಪ್ಪು ನೀರು ನಿಲ್ಲುವುದು. ಇದಕ್ಕೆ ಎದುರಾಗಿ ಹೃದಯವೇ ಒಂದು ಹಾರ್ಮೋನ್ ಬಿಡುತ್ತದೆ: ಇಲಿಯ ಹೃದಯದ ಮೇಲಿನ ಕೋಣೆಯ ರಸವನ್ನು ಬೇರೆ ಇಲಿಗೆ ಚುಚ್ಚಿದರೆ ಉಪ್ಪು ಮೂತ್ರದಲ್ಲಿ ಹೋಗಿ ಒತ್ತಡ ಇಳಿಯುತ್ತದೆ ಅಂತ 1981ರಲ್ಲಿ ಅಡಾಲ್ಫೊ ಡಿ ಬೋಲ್ಡ್ ಮತ್ತು ಜೊತೆಗಾರರು ತೋರಿಸಿದರು.

ಪ್ರಾಣಿ ಬದಲಾದರೆ ಉತ್ತರವೂ ಬದಲಾಗಬಹುದು. ನಾಯಿ, ಬೆಕ್ಕಿನಲ್ಲಿ ಹಿಸ್ಟಮಿನ್ ಒತ್ತಡ ಇಳಿಸುತ್ತದೆ, ಮೊಲದಲ್ಲಿ ಏರಿಸುತ್ತದೆ. ನಾಯಿ, ಕುದುರೆಗಳಲ್ಲಿ ಅಡ್ರಿನಲಿನ್ ಬಂದರೆ ಗುಲ್ಮ ಹಿಂಡಿಕೊಂಡು ಅಲ್ಲಿದ್ದ ಕೆಂಪು ರಕ್ತಕಣಗಳನ್ನು ಹೊರಗೆ ತಳ್ಳುತ್ತದೆ. ಹೆದರಿದ ಕುದುರೆಯ ರಕ್ತ ತೆಗೆದು "ಕೆಂಪು ಕಣ ಜಾಸ್ತಿ ಇದೆ" ಅಂತ ವರದಿ ಬಂದರೆ ಗಾಬರಿ ಬೇಡ.

ಪಶುವೈದ್ಯಕೀಯದವರಿಗೆ ಎರಡು ಮೂರು ಮಾತು

ಶಾಂತಗೊಳಿಸಲು ಅಸೆಪ್ರೊಮಜಿನ್ ಕೊಟ್ಟ ನಾಯಿಗೆ ಬಿಪಿ ಬಿದ್ದರೆ ಕೈ ಅಡ್ರಿನಲಿನ್ ಕಡೆ ಹೋಗದಿರಲಿ. ಅಸೆಪ್ರೊಮಜಿನ್‌ಗೆ ಆಲ್ಫಾ-1 ಬ್ಲಾಕ್ ಮಾಡುವ ಗುಣ ಇದೆ, ಡೇಲ್ ಕಂಡದ್ದೇ ನಿಮ್ಮ ಟೇಬಲ್ ಮೇಲೆ ನಡೆದು ಒತ್ತಡ ಇನ್ನೂ ಬೀಳಬಹುದು. ಸಿರೆಗೆ ದ್ರವ ಕೊಡುವುದು, ಬೇಕಾದರೆ ಫಿನೈಲೆಫ್ರಿನ್ ಅಥವಾ ನಾರ್‌ಅಡ್ರಿನಲಿನ್.

ಹಸು ಎಮ್ಮೆಗಳಿಗೆ ಮಂಪರು ಬರಿಸಲು ಕೊಡುವ ಕ್ಸೈಲಜಿನ್ ಆಲ್ಫಾ-2 ಮೇಲೆ ಕೆಲಸ ಮಾಡುವಂಥದ್ದು. ಸಿರೆಗೆ ಕೊಟ್ಟಾಗ ಮೊದಲು ರಕ್ತನಾಳ ಬಿಗಿಯಾಗಿ ಒತ್ತಡ ಏರುತ್ತದೆ, ಬಡಿತ ಇಳಿಯುತ್ತದೆ. ಮೂರನೇ ಹೆಜ್ಜೆಯ ಮೊದಲ ಚಿತ್ರವೇ ಅಲ್ವಾ? ಆಮೇಲೆ ಮೆದುಳಿನೊಳಗೆ ಅದರ ಕೆಲಸ ಶುರುವಾಗಿ ಸಿಂಪಥೆಟಿಕ್ ನರಗಳು ತಣ್ಣಗಾಗುತ್ತವೆ, ಒತ್ತಡ ಇಳಿಯುತ್ತದೆ, ಬಡಿತ ಮಾತ್ರ ಕೆಳಗೇ ಉಳಿಯುತ್ತದೆ. ಹಸುವಿಗೆ ಸಾಕಾಗುವ ಡೋಸ್ ಕುದುರೆಯದರ ಸುಮಾರು ಹತ್ತನೇ ಒಂದು ಭಾಗ ಮಾತ್ರ, ಸಿರಿಂಜ್ ತುಂಬುವ ಮುಂಚೆ ಯಾವ ಪ್ರಾಣಿ ಅಂತ ಇನ್ನೊಮ್ಮೆ ನೋಡಿಕೊಳ್ಳಿ.

ಕ್ಲಿನಿಕ್‌ನಲ್ಲಿ ಬೆಕ್ಕಿನ ಬಿಪಿ ನೋಡುವಾಗ ಅದನ್ನು ಬುಟ್ಟಿಯಿಂದ ತೆಗೆದ ತಕ್ಷಣ ಪಟ್ಟಿ ಸುತ್ತಬೇಡಿ. ಶಬ್ದ ಇಲ್ಲದ ಕೋಣೆಯಲ್ಲಿ 5ರಿಂದ 10 ನಿಮಿಷ ಸುಮ್ನೆ ಬಿಡಿ, ನಾಯಿಗಳು ಬೊಗಳುವ ಕಡೆಯಂತೂ ಬೇಡವೇ ಬೇಡ. ಪಟ್ಟಿಯ ಅಗಲ ಕಾಲಿನ ಸುತ್ತಳತೆಯ 30ರಿಂದ 40 ಶೇಕಡಾ ಇರಲಿ, ಕಿರಿದಾದರೆ ಒತ್ತಡ ಜಾಸ್ತಿ ತೋರಿಸುತ್ತದೆ. ಮೊದಲ ಅಳತೆ ಬಿಟ್ಟುಬಿಡಿ, ಆಮೇಲಿನ 5ರಿಂದ 7 ಅಳತೆಗಳ ಸರಾಸರಿ ತೆಗೆದುಕೊಳ್ಳಿ. ಅಮೆರಿಕದ ಪಶುವೈದ್ಯ ತಜ್ಞರ ಸಂಸ್ಥೆ ಎಸಿವಿಐಎಂ 2018ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ ನಾಯಿ, ಬೆಕ್ಕುಗಳಲ್ಲಿ ಸಿಸ್ಟಾಲಿಕ್ 140ಕ್ಕಿಂತ ಕಡಿಮೆ ಇದ್ದರೆ ಚಿಂತೆಯಿಲ್ಲ, 160 ಮುಟ್ಟಿದರೆ ಅಧಿಕ ಒತ್ತಡ, 180 ಮುಟ್ಟಿದರೆ ತೀವ್ರ. ವಯಸ್ಸಾದ ಬೆಕ್ಕಿನಲ್ಲಿ ನಿಜವಾಗಿಯೂ ಜಾಸ್ತಿ ಬಂದರೆ ಮೂತ್ರಪಿಂಡ ಮತ್ತು ಥೈರಾಯ್ಡ್ ಎರಡಕ್ಕೂ ರಕ್ತ ಪರೀಕ್ಷೆ ಬರೆಯಿರಿ.